ಮೆಚ್ಚಿನ ಆಟಗಳ ತರತಮ

ಬಯಲಾಟ ಮುಗಿದ ಮರುದಿನ ಬೆಳಿಗ್ಗೆ ಕೋಟ, ಸಾಲಿಗ್ರಾಮ, ತೆಕ್ಕಟ್ಟೆಗಳ ಹೋಟೆಲುಗಳಲ್ಲಿ ಕಾಫಿಯ ಲೋಟವನ್ನು ಮುಂದಿಟ್ಟುಕೊಂಡು, ಹಿಂದಿನ ರಾತ್ರಿಯ ಭಾಗವತರು ಮೇಲೋ ಅವರಿಗಿಂತ ಹಿಂದಿನವರು ಮೇಲೋ ಎಂದು ತೂಗಿ ನೋಡುವ ರೂಢಿ ನಮ್ಮ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದದ್ದು. 1990ರಲ್ಲಿ ಅಕಾಲದಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರನ್ನು ಅಳತೆಗೋಲಾಗಿ ಇಟ್ಟುಕೊಂಡು, ಉಳಿದ ಕಂಠಗಳನ್ನೆಲ್ಲ ಅದರ ಪಕ್ಕದಲ್ಲಿ ನಿಲ್ಲಿಸಿ ನೋಡುವ ಹಿರಿಯರು ಈಗಲೂ ಇದ್ದಾರೆ; ದೂರದ ಗದ್ದೆಯಿಂದ ಗಾಳಿಯಲ್ಲಿ ಬಂದ ಚಂಡೆಯ ಪೆಟ್ಟನ್ನು ಕೇಳಿ ಮೇಳ ಯಾವುದೆಂದು ಹೇಳಬಲ್ಲೆವೆನ್ನುವವರೂ ಇದ್ದಾರೆ. ಶ್ರೇಣಿ ಕಟ್ಟುವುದು, ಊಹಿಸುವುದು ಎಂಬ ಈ ಎರಡು ವ್ಯಸನಗಳೂ ಹುಟ್ಟಿನಿಂದಲೇ ಬಂದಿರುವ ಜನ, ಹೊಸದೊಂದು ವಿಷಯ ದೊರೆತರೆ ಅದನ್ನು ಸುಮ್ಮನೆ ಬಿಟ್ಟಾರೆಂದು ಎಣಿಸುವಂತಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಹುಟ್ಟಿ, ಬೆಂಗಳೂರು, ಮುಂಬಯಿ, ದುಬಾಯಿಗಳಲ್ಲಿ ಚದುರಿಹೋಗಿ, ಈಗ ನಲವತ್ತರ ಆಸುಪಾಸಿಗೆ ಬಂದಿರುವ ತಲೆಮಾರಿನವರು ಊರಿನಲ್ಲಿ ಒಟ್ಟಿಗೆ ಕುಳಿತಾಗ ಕಾಲಹರಣಕ್ಕೆಂದು ಆಡಬಹುದಾದ ಒಂದು ವಿನೋದವನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬೇಕಾಗಿದೆ. ಪ್ರತಿಯೊಬ್ಬನೂ ತಾನು ಈವರೆಗೆ ಆಡಿದ ವಿಡಿಯೋ ಗೇಮುಗಳ ಪೈಕಿ ಅತ್ಯಂತ ಪ್ರಿಯವಾದ ಹತ್ತನ್ನು ಕ್ರಮವಾಗಿ ಚೀಟಿಯಲ್ಲಿ ಬರೆದು ಮಡಚಿಡತಕ್ಕದ್ದು. ಚೀಟಿಯೊಳಗಿನ ಹೆಸರುಗಳನ್ನೂ ಅವುಗಳ ಕ್ರಮವನ್ನೂ ಉಳಿದವರು ಊಹಿಸತಕ್ಕದ್ದು.

ಕೇಳುವುದಕ್ಕೆ ಇದು ಮಕ್ಕಳಾಟದಂತೆ ತೋರಿದರೂ, ಇದರಲ್ಲಿ ಸ್ಮೃತಿಯ ಸ್ವಭಾವ, ಅಭಿರುಚಿಯ ಮೂಲ, ಹಲವರ ಅಭಿಮತವನ್ನು ಒಂದುಗೂಡಿಸುವುದರ ಕಷ್ಟ ಮೊದಲಾದ ಗಂಭೀರ ಪ್ರಶ್ನೆಗಳು ಅಡಗಿವೆ. ನನ್ನ ತಿಳಿವಳಿಕೆಯ ಮಟ್ಟಿಗೆ ಹೇಳುವುದಾದರೆ, ಇಂಥ ಚೀಟಿಯಲ್ಲಿ ಆಟದ ಗುಣಾವಗುಣಗಳಿಗಿಂತ ಹೆಚ್ಚಾಗಿ ಅದನ್ನು ಯಾರ ಮನೆಯ ಚಾವಡಿಯಲ್ಲಿ, ಯಾರ ಸಂಗಡ, ಎಂಥ ಮಳೆಯಲ್ಲಿ ಆಡಿದೆವೆಂಬುದೇ ದಾಖಲಾಗಿರುತ್ತದೆ. ಆದಕಾರಣ ಆಟಗಳನ್ನು ಆಮೂಲಾಗ್ರವಾಗಿ ಬಲ್ಲ ಪಂಡಿತನಿಗಿಂತ, ಆಡಿದವನನ್ನು ಬಲ್ಲ ಸಾಮಾನ್ಯನೇ ಆ ಚೀಟಿಯನ್ನು ಹೆಚ್ಚು ಸರಿಯಾಗಿ ಊಹಿಸುತ್ತಾನೆ. ಇದು ಹೇಗೆಂಬುದನ್ನು ವಿವರಿಸಬೇಕಾದರೆ ಆ ಯಂತ್ರ ನಮ್ಮಲ್ಲಿಗೆ ಬಂದ ಬಗೆಯನ್ನು ಮೊದಲು ಹೇಳಬೇಕು.

ಜಪಾನಿನ ನಿಂಟೆಂಡೊ ಕಂಪನಿ ತನ್ನ ಫ್ಯಾಮಿಕಾಮ್ ಎಂಬ ಯಂತ್ರವನ್ನು 14,800 ಯೆನ್ ಬೆಲೆಗೆ ಮಾರಾಟಕ್ಕಿಟ್ಟದ್ದು 1983ರ ಜುಲೈ 15ರಂದು. ಅದರ ಅಗ್ಗದ ನಕಲುಗಳು ನಾನಾ ಹೆಸರುಗಳನ್ನು ಧರಿಸಿ 1990ರ ದಶಕದಲ್ಲಿ ನಮ್ಮ ದೇಶದ ಪೇಟೆಗಳಿಗೆ ಬಂದವು; ಯಂತ್ರದ ಮೇಲೆ ಯಾವ ಹೆಸರೇ ಇರಲಿ, ನಮ್ಮವರ ಬಾಯಲ್ಲಿ ಅದು ಬರಿಯ 'ವಿಡಿಯೋ ಗೇಮ್'. ಈ ಸೀಮೆಯ ಎಷ್ಟೋ ಮನೆಗಳಿಗೆ ಅದು ತಲುಪಿದ್ದು ಹೋಟೆಲಿನ ದಾರಿಯಿಂದ ಎಂದರೆ ಅತಿಶಯೋಕ್ತಿಯಾಗಲಾರದು. ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಹೋಟೆಲು ನಡೆಸುತ್ತಿದ್ದ ಮಾವನೋ ಚಿಕ್ಕಪ್ಪಯ್ಯನೋ ಬೇಸಿಗೆಯಲ್ಲಿ ಊರಿಗೆ ಬರುವಾಗ, ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗುವುದಕ್ಕಿಂತ ಮೊದಲಿನ ಆ ದಿನಗಳಲ್ಲಿ, ಹಗಲು ರಾತ್ರಿಗಳ ಬಸ್ಸಿನ ಪ್ರಯಾಣದುದ್ದಕ್ಕೂ ಬಟ್ಟೆಯ ಗಂಟಿನ ನಡುವೆ ಜೋಪಾನವಾಗಿ ಇಟ್ಟುಕೊಂಡು ತಂದ ಆ ಪೆಟ್ಟಿಗೆ, ಒಂದು ಮನೆಗೆ ಬಂದರೂ ಇಡೀ ಕೇರಿಯ ಸ್ವತ್ತಾಗುತ್ತಿತ್ತು. ಅದರೊಡನೆ ಬರುತ್ತಿದ್ದ ಹಳದಿ ಕ್ಯಾಸೆಟ್ಟಿನ ಮೇಲೆ ಹತ್ತು ಸಾವಿರಕ್ಕೆ ಒಂದು ಕಡಿಮೆಯಷ್ಟು ಆಟಗಳಿವೆಯೆಂದು ಅಚ್ಚಾಗಿರುತ್ತಿದ್ದರೂ, ತೆರೆದು ನೋಡಿದರೆ ಕೆಲವೇ ಆಟಗಳು ಮತ್ತೆ ಮತ್ತೆ ಬೇರೆ ಬೇರೆ ಹೆಸರಿನಿಂದ ಕಾಣಿಸಿಕೊಳ್ಳುತ್ತಿದ್ದವು. ಆದರೂ ಆ ಕೆಲವೇ ಆಟಗಳು ಆಯ್ದ ಆಟಗಳಾಗಿದ್ದುವೆಂಬುದನ್ನು ಒಪ್ಪಬೇಕು: ಮಾರಿಯೊ, ಕಾಂಟ್ರಾ, ಟ್ಯಾಂಕು, ಸರ್ಕಸ್ಸು, ರೋಡ್ ಫೈಟರ್, ಬಾತುಕೋಳಿಯ ಬೇಟೆ. ಇಂದು ಬರೆಯುವ ಯಾವ ಚೀಟಿಯಲ್ಲಿಯೂ ಇವುಗಳಲ್ಲಿ ಎರಡು ಮೂರಾದರೂ ಇಲ್ಲದಿದ್ದರೆ ಬರೆದವನು ನಮ್ಮ ಕಡೆಯವನೇ ಅಹುದೇ ಎಂದು ಸಂಶಯಪಡುವುದಕ್ಕೆ ಅವಕಾಶವುಂಟು.

ಆ ಯಂತ್ರದ ಸ್ವಂತ ಸ್ಮರಣಶಕ್ತಿ ಎರಡೇ ಕಿಲೋಬೈಟು. 1985ರ ಸೆಪ್ಟೆಂಬರಿನಲ್ಲಿ ಹೊರಬಂದ ಸೂಪರ್ ಮಾರಿಯೊ ಬ್ರದರ್ಸ್ ಆಟದ ಎಂಟು ಲೋಕಗಳು, ಮೂವತ್ತೆರಡು ಘಟ್ಟಗಳು, ಸಂಗೀತ, ಚಿತ್ರ ಎಲ್ಲವೂ ಸೇರಿ ನಲವತ್ತು ಕಿಲೋಬೈಟಿನಲ್ಲಿ ಅಡಕವಾಗಿದ್ದುವು. ಕನ್ನಡದ ಒಂದೊಂದು ಅಕ್ಷರಾಂಶಕ್ಕೂ ಮೂರು ಬೈಟು ಬೇಡುವ ಇಂದಿನ ಯೂನಿಕೋಡಿನಲ್ಲಿ, ವಾಚಕರು ಈಗ ಓದುತ್ತಿರುವ ಈ ಅಂಕಣವೇ ಅದಕ್ಕಿಂತ ಹೆಚ್ಚಿನ ಜಾಗವನ್ನು ಆಕ್ರಮಿಸುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ ಕೆಲಸ ಮಾಡಬೇಕಾಗಿದ್ದ ಶಿಗೆರು ಮಿಯಾಮೊಟೊ ಮತ್ತು ಅವರ ಸಂಗಡಿಗರು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರವನ್ನು ಬಳಸಿ ಬಣ್ಣವನ್ನಷ್ಟೇ ಬದಲಾಯಿಸಿದರು. ನೂರಾರು ಬಾರಿ ಆ ದಾರಿಯಲ್ಲಿ ಓಡಿದ ಹುಡುಗರಲ್ಲಿ ಇದನ್ನು ಕಂಡವರು ವಿರಳ.

ಆದರೆ ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದು ಸಂಗತಿ. ಅಂದಿನ ಅಗ್ಗದ ಕ್ಯಾಸೆಟ್ಟುಗಳಲ್ಲಿ ಆಟದ ಪ್ರಗತಿಯನ್ನು ಉಳಿಸಿಡುವ ಏರ್ಪಾಡು ಇರಲಿಲ್ಲ. ಯಂತ್ರ ಆರಿತೆಂದರೆ ಗಳಿಸಿದ್ದೆಲ್ಲ ಆರಿತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುವ, ಗಾಳಿಗೆ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ಊರಿಗೆ ಊರೇ ಕತ್ತಲಾಗುವ ಈ ಕರಾವಳಿಯಲ್ಲಿ, ಜಿಲ್ಲಾಧಿಕಾರಿಗಳು ಶಾಲೆಗೆ ಮಳೆ ರಜೆ ಕೊಟ್ಟ ದಿನವೇ ಆಟಕ್ಕೆ ಬಿಡುವು, ಆ ದಿನವೇ ಕರೆಂಟಿಲ್ಲ. ಬಂದ ಕರೆಂಟು ಅರ್ಧ ಗಂಟೆ ನಿಂತರೆ ಪುಣ್ಯ. ಹೀಗಾಗಿ ಮಾರಿಯೊವಿನ ಮೊದಲನೆಯ ಘಟ್ಟವನ್ನು ಕಣ್ಣು ಮುಚ್ಚಿ ದಾಟಬಲ್ಲ ಸಾವಿರ ಜನರಿದ್ದ ಊರಿನಲ್ಲಿ ಎಂಟನೆಯ ಲೋಕವನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯವರಾದರು. ಎರಡನೆಯ ಘಟ್ಟದ ಕೊನೆಯಲ್ಲಿ ಸೂರಿನ ಮೇಲಕ್ಕೆ ಹತ್ತಿ ಓಡಿದರೆ ಎರಡು, ಮೂರು, ನಾಲ್ಕನೆಯ ಲೋಕಗಳಿಗೆ ನೇರವಾಗಿ ಒಯ್ಯುವ ಕೊಳವೆಗಳಿವೆಯೆಂಬ ರಹಸ್ಯ ಪುಸ್ತಕದಿಂದ ಬಂದದ್ದಲ್ಲ. ಗಂಗೊಳ್ಳಿಯ ಹುಡುಗನಿಂದ ಕುಂದಾಪುರದವನಿಗೆ, ಅವನಿಂದ ಕೋಟೇಶ್ವರದವನಿಗೆ, ಬಾಯಿಂದ ಬಾಯಿಗೆ ಹರಿದುಬಂದದ್ದು. ವಿಮರ್ಶಕರು ಈ ಆಟವನ್ನು ಹೊಗಳುವಾಗ ಅದರ ಸಮಗ್ರ ವಿನ್ಯಾಸವನ್ನು ಹೊಗಳುತ್ತಾರೆ. ನಮ್ಮ ಕಡೆಯ ಚೀಟಿಯಲ್ಲಿ ಅದಕ್ಕೆ ಮೊದಲನೆಯ ಸ್ಥಾನ ಬಂದಿದ್ದರೆ ಅದು ಬಹುಶಃ ಮೊದಲ ನಾಲ್ಕು ಘಟ್ಟಗಳಿಗೆ ಬಂದ ಸ್ಥಾನ.

ನನ್ನ ಸ್ವಂತ ಪಕ್ಷಪಾತವನ್ನು ಇಲ್ಲಿಯೇ ಪ್ರಕಟಪಡಿಸಿಬಿಡುವುದು ಲೇಸು. ನನ್ನ ಚೀಟಿಯ ತಲೆಯಲ್ಲಿ ಇರುವುದು ಟ್ಯಾಂಕು. ನಾಮ್ಕೊ ಕಂಪನಿ 1985ರಲ್ಲಿ ಹೊರತಂದ 'ಬ್ಯಾಟಲ್ ಸಿಟಿ'. ಪರದೆಯ ಕೆಳತುದಿಯಲ್ಲಿ ಇಟ್ಟಿಗೆಯ ಆವರಣದೊಳಗೆ ಒಂದು ಗರುಡ. ಮೇಲಿನಿಂದ ಒಂದೊಂದಾಗಿ ಇಳಿದುಬರುವ ಇಪ್ಪತ್ತು ಶತ್ರು ಟ್ಯಾಂಕುಗಳಿಂದ ಅದನ್ನು ಕಾಯಬೇಕು. ಇಂಥ ಮೂವತ್ತೈದು ರಣರಂಗಗಳು. ಇಷ್ಟನ್ನು ಕೇಳಿದರೆ ಇದರಲ್ಲಿ ವಿಶೇಷವೇನೂ ತೋರದು. ವಿಶೇಷವಿರುವುದು ಇಬ್ಬರು ಒಟ್ಟಿಗೆ ಆಡುವಾಗ. ಆ ಕಾಲದ ಎಷ್ಟೋ ಆಟಗಳಲ್ಲಿ ಇಬ್ಬರೆಂದರೆ ಒಬ್ಬರ ಬಳಿಕ ಒಬ್ಬರು. ಮಾರಿಯೊ ಬೀಳುವ ತನಕ ಲುಯಿಜಿ ಕಾದಿರಬೇಕು. ಇಲ್ಲಾದರೋ ಅಣ್ಣನೂ ತಮ್ಮನೂ ಏಕಕಾಲದಲ್ಲಿ ರಣರಂಗದಲ್ಲಿ ಇರುತ್ತಾರೆ, ಅಣ್ಣನ ಗುಂಡು ತಮ್ಮನಿಗೆ ತಾಗಿದರೆ ತಮ್ಮನ ಟ್ಯಾಂಕು ಕ್ಷಣಕಾಲ ಸ್ತಬ್ಧವಾಗುತ್ತದೆ, ಮತ್ತು ಎಲ್ಲಕ್ಕಿಂತ ಘೋರವಾದದ್ದೆಂದರೆ, ಅವಸರದಲ್ಲಿ ಹಾರಿಸಿದ ತಮ್ಮದೇ ಗುಂಡು ತಮ್ಮದೇ ಗರುಡನಿಗೆ ಬಡಿದರೆ ಆಟ ಅಲ್ಲಿಗೆ ಸಮಾಪ್ತ. ಶತ್ರುವಿನಿಂದ ಸೋತದ್ದಕ್ಕಿಂತ ಹೀಗೆ ಸ್ವಪಕ್ಷದ ಗುಂಡಿನಿಂದ ಸೋತದ್ದೇ ಹೆಚ್ಚು ಜಗಳಕ್ಕೆ ಕಾರಣವಾಗುತ್ತಿತ್ತು. ಜಗಳ ಜೋರಾದರೆ ಒಳಗಿನಿಂದ ಅಬ್ಬಿ ಬಂದು ಸ್ವಿಚ್ಚು ಆರಿಸಿ ಇಬ್ಬರಿಗೂ ಸಮಾನ ನ್ಯಾಯ ಒದಗಿಸುತ್ತಿದ್ದರು. ಇದಲ್ಲದೆ ಆ ಆಟದಲ್ಲಿ ಆಡುವವನೇ ಇಟ್ಟಿಗೆ, ಕಬ್ಬಿಣ, ನೀರು, ಕಾಡುಗಳನ್ನು ತನಗೆ ಬೇಕಾದಂತೆ ಹರಡಿ ಹೊಸ ರಣರಂಗವನ್ನು ರಚಿಸಬಹುದಾಗಿತ್ತು. ಗರುಡನ ಸುತ್ತ ಉಕ್ಕಿನ ಕೋಟೆ ಕಟ್ಟಿ, ಸೋಲೇ ಇಲ್ಲದ ಲೋಕವೊಂದನ್ನು ನಿರ್ಮಿಸಿಕೊಂಡು, ಸ್ವಲ್ಪ ಹೊತ್ತಿಗೆಲ್ಲ ಅದರಲ್ಲಿ ಬೇಸರಪಟ್ಟು, ಮತ್ತೆ ಇಟ್ಟಿಗೆಗೆ ಮರಳುವುದನ್ನು ನಾವು ಯಾರೂ ಹೇಳಿಕೊಡದೆ ಕಲಿತೆವು.

ಕೊನಾಮಿಯವರ ಕಾಂಟ್ರಾದಲ್ಲಿಯೂ ಇಬ್ಬರು ಜೊತೆಯಾಗಿ ಆಡಬಹುದು, ಆದರೆ ಅದರ ಕಾಠಿಣ್ಯ ಪ್ರಸಿದ್ಧವಾದದ್ದು. ಮೂರು ಜೀವದಿಂದ ಕೊನೆ ಕಂಡವರನ್ನು ಆಗ ಶೂರರೆಂದೇ ಗಣಿಸುತ್ತಿದ್ದರು. ಪ್ರಾರಂಭದ ಪರದೆಯಲ್ಲಿ ಮೇಲೆ ಎರಡು ಸಲ, ಕೆಳಗೆ ಎರಡು ಸಲ, ಎಡ ಬಲ ಎಡ ಬಲ, ಆಮೇಲೆ ಎರಡು ಗುಂಡಿಗಳನ್ನು ಒತ್ತಿದರೆ ಮೂವತ್ತು ಜೀವ ದೊರೆಯುವ ಮಂತ್ರವನ್ನು ಮೊದಲು ಕಟ್ಟಿದವರು ಕಜುಹಿಸಾ ಹಶಿಮೊಟೊ. ಅದಕ್ಕೆ ಕಾರಣ ಔದಾರ್ಯವಲ್ಲ. 1986ರಲ್ಲಿ 'ಗ್ರೇಡಿಯಸ್' ಎಂಬ ಆಟವನ್ನು ಯಂತ್ರಕ್ಕೆ ಅಳವಡಿಸುತ್ತಿದ್ದಾಗ, ತಾನೇ ಪರೀಕ್ಷಿಸಿ ನೋಡಬೇಕಾದ ಆಟವನ್ನು ತಾನೇ ಗೆಲ್ಲಲಾರದೆ ಅವರು ಹೂಡಿದ ಉಪಾಯ ಅದು. 2020ರಲ್ಲಿ ಅವರು ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳು ಆ ಗುಂಡಿಗಳ ಅನುಕ್ರಮವನ್ನೇ ಅವರ ಚರಿತ್ರೆಯಾಗಿ ಅಚ್ಚು ಹಾಕಿದುವು.

ಬಾತುಕೋಳಿಯ ಬೇಟೆಯ ವಿಷಯ ಬೇರೆ. ಟಿವಿಯತ್ತ ಗುರಿಯಿಟ್ಟು ಹೊಡೆಯುವ ಪ್ಲಾಸ್ಟಿಕ್ ಬಂದೂಕಿನಿಂದ ಏನೋ ಹೊರಟು ಪರದೆಗೆ ತಾಗುತ್ತದೆಂದು ನಾವೆಲ್ಲ ನಂಬಿದ್ದೆವು. ವಸ್ತುಸ್ಥಿತಿ ಅದಕ್ಕೆ ವ್ಯತಿರಿಕ್ತ. ಕುದುರೆ ಎಳೆದ ಕ್ಷಣದಲ್ಲಿ ಪರದೆ ಒಮ್ಮೆ ಪೂರ್ತಿ ಕಪ್ಪಾಗಿ, ಮರುಕ್ಷಣದಲ್ಲಿ ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿಯ ಚೌಕ ಮೂಡುತ್ತದೆ; ಬಂದೂಕಿನ ಬಾಯಿಯೊಳಗಿನ ಬೆಳಕು ಗ್ರಹಿಸುವ ಕಣ್ಣು ಮೊದಲು ಕತ್ತಲೆಯನ್ನೂ ಅನಂತರ ಬೆಳಕನ್ನೂ ಕಂಡರೆ ಗುರಿ ತಾಗಿತೆಂದು ಲೆಕ್ಕ. ಗೋಡೆಯ ಬಲ್ಬಿನ ಕಡೆ ಹಿಡಿದು ಮೋಸ ಮಾಡುವವರಿಗಾಗಿಯೇ ಆ ಕತ್ತಲೆಯ ಕ್ಷಣವನ್ನು ಇಟ್ಟಿದ್ದರು. ಈ ಲೆಕ್ಕಾಚಾರವೆಲ್ಲ ಹಳೆಯ ಗಾಜಿನ ಕೊಳವೆಯ ಟಿವಿಯ ವೇಗವನ್ನು ನಂಬಿಕೊಂಡದ್ದಾದ್ದರಿಂದ, ಇಂದಿನ ತೆಳು ಟಿವಿಯ ಮುಂದೆ ಅದೇ ಬಂದೂಕನ್ನು ಹಿಡಿದರೆ ಹಕ್ಕಿ ಒಂದೂ ಬೀಳುವುದಿಲ್ಲ. ಆದ್ದರಿಂದ ಈ ಆಟವನ್ನು ಚೀಟಿಯಲ್ಲಿ ಬರೆಯುವವನಿಗೆ ತನ್ನ ಮೆಚ್ಚಿಕೆ ಇನ್ನೂ ನಿಂತಿದೆಯೇ ಎಂದು ಪರೀಕ್ಷಿಸಿ ನೋಡುವುದು ಸುಲಭವಲ್ಲ.

ಆಮೇಲಿನ ಕಾಲದ ಆಟಗಳನ್ನು ಕುರಿತು ಇಷ್ಟು ವಿಸ್ತಾರ ಬೇಕಿಲ್ಲ. ಕೋಟೇಶ್ವರದ ಕೊಡಿ ಹಬ್ಬದಂಥ ಜಾತ್ರೆಗಳ ಅಂಗಡಿಗಳಲ್ಲಿ ಸಿಗುತ್ತಿದ್ದ, ಎರಡು ಸೆಲ್ಲು ಹಾಕಿ ಅಂಗೈಯಲ್ಲಿ ಹಿಡಿದು ಆಡುವ ಇಟ್ಟಿಗೆಯಾಟದ ಮೂಲ, 1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್ನೊವ್ ರಚಿಸಿದ 'ಟೆಟ್ರಿಸ್'. ಶಾಲೆಯ ಕಂಪ್ಯೂಟರ್ ಕೊಠಡಿಗಳಲ್ಲಿ ಮಾಸ್ತರರ ಕಣ್ಣು ತಪ್ಪಿಸಿ ಆಡಿದ 'ಪ್ರಿನ್ಸ್ ಆಫ್ ಪರ್ಷಿಯಾ'ದಲ್ಲಿ ರಾಜಕುಮಾರನ ನಡಿಗೆಗೆ ಅಷ್ಟು ಜೀವಂತಿಕೆ ಬಂದದ್ದು, ಜೋರ್ಡನ್ ಮೆಕ್ನರ್ ತಮ್ಮ ಕಿರಿಯ ಸಹೋದರನ ಓಟ ಜಿಗಿತಗಳನ್ನು ಚಿತ್ರೀಕರಿಸಿ ಚೌಕಟ್ಟು ಚೌಕಟ್ಟಾಗಿ ಬಿಡಿಸಿಕೊಂಡದ್ದರಿಂದ; 1989ರ ಆ ಆಟದಲ್ಲಿ ರಾಜಕುಮಾರಿಯನ್ನು ಬಿಡಿಸುವುದಕ್ಕೆ ಅರುವತ್ತು ನಿಮಿಷಗಳ ಗಡುವು, ನಮ್ಮ ಕಂಪ್ಯೂಟರ್ ಪೀರಿಯಡ್ಡೋ ಅದಕ್ಕಿಂತ ಚಿಕ್ಕದು. 1997ರಲ್ಲಿ ನೋಕಿಯಾ ಫೋನಿನೊಳಗೆ ಸೇರಿದ ಹಾವಿನಾಟ, ಸೈಬರ್ ಕೆಫೆಗಳ ಕಾಲದ 'ಕೌಂಟರ್ ಸ್ಟ್ರೈಕ್', 2002ರ 'ವೈಸ್ ಸಿಟಿ', ಇವೆಲ್ಲ ಚೀಟಿಯ ಮಧ್ಯಭಾಗದಲ್ಲಿ ಬರತಕ್ಕವು. ವೈಸ್ ಸಿಟಿಯ ರಾಕ್‌ಸ್ಟಾರ್ ಕಂಪನಿಯವರೇ 2019ರಲ್ಲಿ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಎಂಬ, 1997ರಲ್ಲಿ ಸ್ಥಾಪಿತವಾದ ಗೇಮ್ ತಯಾರಿಕೆಯ ಸಂಸ್ಥೆಯನ್ನು ಕೊಂಡುಕೊಂಡರು. ಮಲೆಯಾಳಿಯೋ ಕನ್ನಡಿಗನೋ ಬೆಂಗಳೂರಿನಲ್ಲಿ ಕುಳಿತು ಬಿಡಿಸಿದ ಕಾರು, ಮರ, ಗೋಡೆಗಳು ಎಷ್ಟು ಪರದೇಶದ ಆಟಗಳೊಳಗೆ ಸೇರಿಕೊಂಡಿವೆಯೆಂಬುದನ್ನು ಆಡುವವರು ಅಷ್ಟಾಗಿ ಎಣಿಸುವುದಿಲ್ಲ.

ಈಗ ಶ್ರೇಣಿಯ ಪ್ರಶ್ನೆ. ಕಂಬಳದ ಕೋಣಗಳಿಗಾದರೆ ಗಡಿಯಾರವುಂಟು; ಸೆಕೆಂಡಿನ ನೂರನೆಯ ಭಾಗದಲ್ಲಿ ಮುಂದೆ ಬಂದ ಜೋಡಿ ಮುಂದೆಯೇ. ಮೆಚ್ಚುಗೆಗೆ ಅಂಥ ಗಡಿಯಾರವಿಲ್ಲದಿರುವುದರಿಂದ ಕೇಳುವ ಪ್ರಶ್ನೆಯಲ್ಲಿ ಒಂದು ಪದ ಬೇರೆಯಾದರೂ ಉತ್ತರ ಬೇರೆಯಾಗುತ್ತದೆ. ಬ್ರಿಟನ್ನಿನ ಬಾಫ್ಟಾ ಸಂಸ್ಥೆ 2025ರಲ್ಲಿ ಸಾರ್ವಜನಿಕರನ್ನು ಕೇಳಿದ್ದು ಸಾರ್ವಕಾಲಿಕವಾಗಿ ಅತ್ಯಂತ ಪ್ರಭಾವಶಾಲಿಯಾದ ಆಟ ಯಾವುದೆಂದು. ಮೊದಲ ಸ್ಥಾನ ಬಂದದ್ದು 1999ರ 'ಶೆನ್‌ಮೂ' ಎಂಬ ಆಟಕ್ಕೆ, ಮಾರಿಯೊ ಮೂರನೆಯದಾಯಿತು. ಅತ್ಯಧಿಕವಾಗಿ ಮಾರಾಟವಾದದ್ದನ್ನು ಕೇಳಿದ್ದರೆ ಮೂವತ್ತು ಕೋಟಿ ಪ್ರತಿಗಳನ್ನು ದಾಟಿರುವ 'ಮೈನ್‌ಕ್ರಾಫ್ಟ್' ಎದ್ದು ನಿಲ್ಲುತ್ತಿತ್ತು. ನಮ್ಮ ಜಾತ್ರೆಗಳ ಇಟ್ಟಿಗೆಯಾಟಗಳು ಯಾವ ಕಂಪನಿಯ ಲೆಕ್ಕಕ್ಕೂ ಸೇರಿದವಲ್ಲ. ಅತ್ಯುತ್ತಮವೆಂಬುದು ಒಂದು, ಅತ್ಯಂತ ಪ್ರಿಯವೆಂಬುದು ಮತ್ತೊಂದು. ನನ್ನ ಟ್ಯಾಂಕು ಜಗತ್ತಿನ ಅತ್ಯುತ್ತಮ ಆಟವೆಂದು ನಾನು ವಾದಿಸಲಾರೆ, ವಾದಿಸಬೇಕಾದ ಅಗತ್ಯವನ್ನೂ ಕಾಣೆ.

ಒಬ್ಬನೇ ಕುಳಿತು ಹತ್ತನ್ನು ಕ್ರಮಪಡಿಸುವುದಕ್ಕೂ ಒಂದು ವಿಧಾನವುಂಟು. ಹತ್ತನ್ನೂ ಒಟ್ಟಿಗೆ ಕಣ್ಣ ಮುಂದೆ ಹರಡಿಕೊಂಡರೆ ಬುದ್ಧಿ ಕಂಗೆಡುತ್ತದೆ. ಎರಡೆರಡನ್ನು ಎದುರುಬದುರು ನಿಲ್ಲಿಸಿ ಇವೆರಡರಲ್ಲಿ ಯಾವುದೆಂದು ಕೇಳಿಕೊಂಡರೆ ಉತ್ತರ ಥಟ್ಟನೆ ಬರುತ್ತದೆ. ಹತ್ತು ಆಟಗಳಲ್ಲಿ ಇಂಥ ಜೋಡಿಗಳು ನಲವತ್ತೈದು. ಆದರೆ ಹಿಂದಿನ ಉತ್ತರಗಳನ್ನು ನೆನಪಿಟ್ಟುಕೊಂಡು ಜಾಣತನದಿಂದ ಕೇಳುತ್ತ ಹೋದರೆ ಇಪ್ಪತ್ತೆರಡು ಪ್ರಶ್ನೆಗಳಲ್ಲಿ ಇಡೀ ಕ್ರಮ ನಿಶ್ಚಯವಾಗುತ್ತದೆಂದು ಗಣಕಶಾಸ್ತ್ರಜ್ಞರು ತೋರಿಸಿದ್ದಾರೆ. ಇದಕ್ಕಿರುವ ಷರತ್ತು ಒಂದೇ: ಮಾರಿಯೊ ಕಾಂಟ್ರಾಕ್ಕಿಂತ ಮೇಲು, ಕಾಂಟ್ರಾ ಹಾವಿಗಿಂತ ಮೇಲು ಎಂದವನು ಹಾವು ಮಾರಿಯೊವಿಗಿಂತ ಮೇಲೆಂದು ಹೇಳಕೂಡದು. ಮನುಷ್ಯರು ಅದನ್ನೂ ಹೇಳುವುದುಂಟು.

ಒಬ್ಬನೊಳಗೆ ಅಸಂಗತವೆನಿಸುವ ಈ ಸುತ್ತು ಹಲವರು ಸೇರಿದಾಗ ಯಾರ ತಪ್ಪೂ ಇಲ್ಲದೆ ಹುಟ್ಟಿಕೊಳ್ಳುತ್ತದೆಂಬುದು ಈ ವಿಷಯದ ಅತ್ಯಂತ ಸ್ವಾರಸ್ಯವಾದ ಭಾಗ. ಕುಂದಾಪುರದವನೊಬ್ಬ, ಬೈಂದೂರಿನವನೊಬ್ಬ, ಬ್ರಹ್ಮಾವರದವನೊಬ್ಬ ಮೂವರೂ ಸೇರಿ ತಮ್ಮ ಸೀಮೆಯದೆಂದು ಹೇಳಿಕೊಳ್ಳುವಂಥ ಒಂದೇ ಪಟ್ಟಿ ಮಾಡಲು ಹೊರಟರೆಂದು ಇಟ್ಟುಕೊಳ್ಳೋಣ. ಕುಂದಾಪುರದವನ ಕ್ರಮ ಮಾರಿಯೊ, ಕಾಂಟ್ರಾ, ಟ್ಯಾಂಕು. ಬೈಂದೂರಿನವನದು ಕಾಂಟ್ರಾ, ಟ್ಯಾಂಕು, ಮಾರಿಯೊ. ಬ್ರಹ್ಮಾವರದವನದು ಟ್ಯಾಂಕು, ಮಾರಿಯೊ, ಕಾಂಟ್ರಾ. ಮಾರಿಯೊ ಕಾಂಟ್ರಾಕ್ಕಿಂತ ಮೇಲೆಂದು ಕುಂದಾಪುರ, ಬ್ರಹ್ಮಾವರಗಳ ಬಹುಮತ. ಕಾಂಟ್ರಾ ಟ್ಯಾಂಕಿಗಿಂತ ಮೇಲೆಂದು ಕುಂದಾಪುರ, ಬೈಂದೂರುಗಳ ಬಹುಮತ. ಹಾಗಾದರೆ ಮಾರಿಯೊ ಟ್ಯಾಂಕಿಗಿಂತ ಮೇಲಾಗಲೇಬೇಕಷ್ಟೆ? ಆದರೆ ಬೈಂದೂರು, ಬ್ರಹ್ಮಾವರಗಳು ಸೇರಿ ಟ್ಯಾಂಕೇ ಮೇಲೆಂದು ಕೈಯೆತ್ತುತ್ತವೆ. ಮೂವರೂ ಪ್ರಾಮಾಣಿಕರು, ಮೂವರ ಪಟ್ಟಿಯೂ ಸುಸಂಗತ. ಒಟ್ಟಾದ ಪಟ್ಟಿಗೆ ಮಾತ್ರ ತಲೆಯೂ ಇಲ್ಲ, ಬಾಲವೂ ಇಲ್ಲ. ಫ್ರಾನ್ಸಿನ ಕಾಂಡೊರ್ಸೆ ಇದನ್ನು 1785ರಲ್ಲಿಯೇ ಚುನಾವಣೆಗಳ ಸಂದರ್ಭದಲ್ಲಿ ಎತ್ತಿ ತೋರಿಸಿದ. ಅವನ ಸಮಕಾಲೀನನಾದ ಬೋರ್ದಾ ಸೂಚಿಸಿದ ದಾರಿಯೆಂದರೆ ಮೊದಲನೆಯದಕ್ಕೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು ಅಂಕ ಕೊಟ್ಟು ಕೂಡಿಸುವುದು. ಕೂಡಿಸಿ ನೋಡಿದರೆ ಮೂರಕ್ಕೂ ಆರಾರು ಅಂಕ. ಎಲ್ಲ ನ್ಯಾಯವಾದ ನಿಬಂಧನೆಗಳನ್ನೂ ಪಾಲಿಸುತ್ತ ಹಲವರ ಕ್ರಮಗಳನ್ನು ಒಂದು ಕ್ರಮವಾಗಿಸುವ ಪರಿಪೂರ್ಣ ವಿಧಾನ ಇರುವುದೇ ಅಶಕ್ಯವೆಂದು ಕೆನೆತ್ ಆ್ಯರೊ 1951ರಲ್ಲಿ ಸಾಧಿಸಿ ತೋರಿಸಿದರು. ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಅವರಿಗೆ 1972ರಲ್ಲಿ ಬಂತು. ಬೈಂದೂರನ್ನು ಕುಂದಾಪುರದಿಂದಲೂ ಬ್ರಹ್ಮಾವರವನ್ನು ಉಡುಪಿಯಿಂದಲೂ ಬಿಡಿಸಿ 2018ರಲ್ಲಿ ಬೇರೆ ತಾಲೂಕುಗಳನ್ನಾಗಿ ಮಾಡಿದವರಿಗೆ ಈ ಸಿದ್ಧಾಂತ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ.

ಊಹೆಗೆ ಬರೋಣ. ಹತ್ತು ಆಟಗಳ ಹೆಸರು ಮೊದಲೇ ತಿಳಿದಿದ್ದರೂ ಅವುಗಳನ್ನು ಸಾಲಾಗಿ ನಿಲ್ಲಿಸುವ ಬಗೆಗಳು 36,28,800. ಹತ್ತನ್ನೂ ಕಣ್ಣು ಮುಚ್ಚಿ ಸರಿಯಾಗಿ ಹೇಳುವುದು ಮನುಷ್ಯಮಾತ್ರದವರಿಂದ ಆಗತಕ್ಕದ್ದಲ್ಲ. ಆದಕಾರಣ ಊಹೆಯನ್ನು ಸರಿ ತಪ್ಪೆಂದು ಅಳೆಯದೆ ಎಷ್ಟು ಹತ್ತಿರವೆಂದು ಅಳೆಯಬೇಕು. ಅದಕ್ಕೆ ಮಾರಿಸ್ ಕೆಂಡಾಲ್ ಎಂಬ ಸಂಖ್ಯಾಶಾಸ್ತ್ರಜ್ಞ 1938ರಲ್ಲಿ ಪ್ರಕಟಿಸಿದ ಕ್ರಮ ಬಹಳ ಸುಲಭವಾದದ್ದು: ನಲವತ್ತೈದು ಜೋಡಿಗಳನ್ನೂ ಒಂದೊಂದಾಗಿ ತೆಗೆದುಕೊಂಡು, ಚೀಟಿಯಲ್ಲಿ ಮೇಲಿರುವುದು ಊಹೆಯಲ್ಲಿ ಕೆಳಗಿದ್ದರ ಲೆಕ್ಕ ಹಾಕಬೇಕು. ಬರೆದವನ ಪರಿಚಯವೇ ಇಲ್ಲದವನು ಸುಮ್ಮನೆ ಬರೆದರೆ ಸರಾಸರಿ ಇಪ್ಪತ್ತೆರಡೂವರೆ ಜೋಡಿಗಳು ತಲೆಕೆಳಗಾಗುತ್ತವೆ. ಹತ್ತಕ್ಕಿಂತ ಕಡಿಮೆಯಾದರೆ ಊಹಿಸಿದವನು ಸ್ನೇಹಿತ. ಐದಕ್ಕಿಂತ ಕಡಿಮೆಯಾದರೆ ಅವನು ಒಂದೇ ಚಾವಡಿಯಲ್ಲಿ ಪಾಳಿಗಾಗಿ ಕಾದು ಕುಳಿತವನೇ ಇರಬೇಕು.

ಪಾಳಿಗಾಗಿ ಕಾದವನು ಎಂದು ಬೇಕೆಂದೇ ಹೇಳಿದೆ. ಒಂದು ಯಂತ್ರಕ್ಕೆ ಹತ್ತು ಹುಡುಗರಿದ್ದಲ್ಲಿ ಪ್ರತಿಯೊಬ್ಬನೂ ಆಡಿದ್ದಕ್ಕಿಂತ ನೋಡಿದ್ದೇ ಹೆಚ್ಚು. 'ನಂದ್ ಪಾಳಿ ಬಂತಲ್ದಾ ಮಾರಾಯ' ಎನ್ನುತ್ತ ಹಿಂದೆ ಕುಳಿತವನ ಕಣ್ಣಿಗೆ, ಮುಂದೆ ಆಡುತ್ತಿದ್ದವನು ಯಾವ ಆಟಕ್ಕೆ ಬೆನ್ನು ನೆಟ್ಟಗೆ ಮಾಡಿದ, ಯಾವುದಕ್ಕೆ ಮುಖ ಸಿಂಡರಿಸಿದ, ಯಾವುದರಲ್ಲಿ ಸೋತಾಗ ಕಂಟ್ರೋಲನ್ನು ಬೇಗ ಬಿಟ್ಟುಕೊಟ್ಟ ಎಂಬುದೆಲ್ಲ ಕಾಣುತ್ತಿತ್ತು. ಮನುಷ್ಯನ ಸ್ಮರಣೆಯಲ್ಲಿ ಹತ್ತರಿಂದ ಮೂವತ್ತರ ವಯಸ್ಸಿನ ಅನುಭವಗಳು ಮಿಕ್ಕವುಗಳಿಗಿಂತ ದಟ್ಟವಾಗಿ ಉಳಿಯುತ್ತವೆಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರಾಗಿ, ಊಹಿಸುವವನು ಮೊದಲು ಬರೆದವನ ಹುಟ್ಟಿದ ವರ್ಷಕ್ಕೆ ಹತ್ತನ್ನು ಕೂಡಿಸಿ, ಆ ಕಾಲದಲ್ಲಿ ಅವನಿದ್ದ ಊರಿನಲ್ಲಿ ಯಾವ ಯಂತ್ರ ಇತ್ತೆಂದು ಯೋಚಿಸಿದರೆ ಅರ್ಧ ದಾರಿ ಸವೆದಂತೆ. ಅಹುದು ಅಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳನ್ನು ಕೇಳಲು ಅವಕಾಶವಿದ್ದರೆ, ಪ್ರತಿಯೊಂದೂ ಉಳಿದ ಹೆಸರುಗಳನ್ನು ಇಬ್ಭಾಗ ಮಾಡುವಂತಿದ್ದಲ್ಲಿ, ಇಪ್ಪತ್ತು ಪ್ರಶ್ನೆಗಳಿಂದ ಹತ್ತು ಲಕ್ಷ ಆಟಗಳಲ್ಲಿ ಒಂದನ್ನು ಹಿಡಿಯಬಹುದು. ಒಳ್ಳೆಯ ಊಹೆಗಾರ ಆಟದ ಬಗೆಯನ್ನು ಕೇಳುವುದಕ್ಕೆ ಮೊದಲು, ಅದನ್ನು ಆಡಿದ್ದು ಸ್ವಂತ ಮನೆಯಲ್ಲೋ ಅಲ್ಲವೋ ಎಂದು ಕೇಳುತ್ತಾನೆ.

ಇಲ್ಲಿ ಒಂದು ವಿಷಾದದ ಸಂಗತಿಯನ್ನು ಹೇಳದಿರುವುದು ಅಪ್ರಾಮಾಣಿಕತೆಯಾದೀತು. ಆ ಚಾವಡಿಗಳ ಪಾಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಕೊನೆಗೆ ಬರುತ್ತಿತ್ತು, ಎಷ್ಟೋ ಸಲ ಅದು ಬರುವಷ್ಟರಲ್ಲಿ ಒಳಗಿನಿಂದ ಕರೆಯೂ ಬರುತ್ತಿತ್ತು. ಆದುದರಿಂದ ಅಕ್ಕ ತಂಗಿಯರ ಚೀಟಿಗಳನ್ನು ಅಣ್ಣ ತಮ್ಮಂದಿರು ಊಹಿಸಹೊರಟರೆ ದಾರುಣವಾಗಿ ಸೋಲುತ್ತಾರೆ. ಕಾಂಟ್ರಾ, ಟ್ಯಾಂಕುಗಳನ್ನು ನಿರೀಕ್ಷಿಸಿದ ಕಡೆ ಅಂಗೈಯ ಇಟ್ಟಿಗೆಯಾಟವೋ ಅಪ್ಪಯ್ಯನ ನೋಕಿಯಾದ ಹಾವೋ ಇರುತ್ತದೆ. ಯಾರ ಪಾಳಿಯನ್ನೂ ಕಾಯದೆ, ಒಬ್ಬರೇ, ಮನೆಯ ಯಾವ ಮೂಲೆಯಲ್ಲಿಯಾದರೂ ಕುಳಿತು ಆಡಬಹುದಾದವು ಅವೆರಡೇ ಆಗಿದ್ದುವೆಂಬುದು ಚೀಟಿ ಬಿಚ್ಚಿದ ಮೇಲೆ ಅಣ್ಣಂದಿರಿಗೆ ಹೊಳೆಯುತ್ತದೆ.

ಇನ್ನು ಈಗಿನ ಹುಡುಗರ ಚೀಟಿಗಳು. ಅವರ ಆಟಗಳಲ್ಲಿ ಪ್ರಗತಿ ಕಳೆದುಹೋಗುವುದಿಲ್ಲ, ಕರೆಂಟು ಹೋದರೂ ಬ್ಯಾಟರಿಯುಂಟು; ಆದರೆ ಆಟವೇ ಕಳೆದುಹೋಗುವ ಭಯ ಹೊಸದಾಗಿ ಬಂದಿದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪುಗಳನ್ನು ನಿಷೇಧಿಸಿದಾಗ ಅವುಗಳಲ್ಲಿ ಪಬ್‌ಜಿ ಮೊಬೈಲ್ ಸೇರಿತ್ತು. 2021ರ ಜುಲೈಯಲ್ಲಿ ಅದು ಬಿಜಿಎಂಐ ಎಂಬ ಹೆಸರಿನಿಂದ ಮರಳಿ, ಮರುವರ್ಷ ಮತ್ತೆ ಮರೆಯಾಗಿ, 2023ರಲ್ಲಿ ಮತ್ತೆ ಬಂತು. ಬಂದದ್ದು ಹಿಂದಿನದೇ ಆಟವೇ? ಪದೇ ಪದೇ ಅಪ್‌ಡೇಟಾಗುತ್ತ ನಕ್ಷೆ, ಬಂದೂಕು, ನಿಯಮಗಳೆಲ್ಲ ಬದಲಾಗುವ ಇಂಥ ಆಟವನ್ನು ಇಪ್ಪತ್ತು ವರ್ಷಗಳ ಅನಂತರ ಚೀಟಿಯಲ್ಲಿ ಬರೆಯುವವನು ಅದರ ಯಾವ ರೂಪವನ್ನು ಕುರಿತು ಬರೆಯುತ್ತಾನೆ? ನನ್ನ ಟ್ಯಾಂಕನ್ನಾದರೆ ಇಂದು ಮತ್ತೆ ಆಡಿ ನನ್ನ ತೀರ್ಪನ್ನು ತಿದ್ದಿಕೊಳ್ಳಬಹುದು. ಅವನಿಗೆ ಆ ಸೌಲಭ್ಯ ಇರಲಾರದು. ಇದರ ಪರಿಣಾಮವಾಗಿ ಅವರ ಚೀಟಿಗಳು ನಮ್ಮವಕ್ಕಿಂತಲೂ ಹೆಚ್ಚು ಜೊತೆಗಾರರ ಹೆಸರುಗಳಿಂದ ತುಂಬುತ್ತವೆಂದು ನನ್ನ ಊಹೆ.

ಆಷಾಢದ ಅಮಾವಾಸ್ಯೆಯಂದು, ನಮ್ಮ ಮಾತಿನಲ್ಲಿ ಆಸಾಡಿ ಅಮಾಸಿಯಂದು, 2019ರಿಂದ ಕುಂದಾಪ್ರ ಕನ್ನಡ ದಿನವನ್ನು ಆಚರಿಸುವ ಪರಿಪಾಠ ಬೆಳೆದಿರುವುದರಿಂದ ಚದುರಿದವರು ಒಟ್ಟುಗೂಡುವುದಕ್ಕೆ ಒಂದು ನೆಪ ಸಿಕ್ಕಿದೆ. ಆ ದಿನ ಚೀಟಿಯಾಟ ಆಡುವವರಿಗೆ ನನ್ನ ಸಲಹೆಗಳು ಇಷ್ಟು. ಐದಕ್ಕಿಂತ ಕಡಿಮೆ ಜನರಿದ್ದರೆ ಊಹಿಸುವುದು ಬೇಗ ಮುಗಿದುಹೋಗುತ್ತದೆ, ಹತ್ತಕ್ಕಿಂತ ಹೆಚ್ಚಾದರೆ ಗದ್ದಲವಾಗುತ್ತದೆ. ಎರಡು ಆಟಗಳಿಗೆ ಸಮಸ್ಥಾನ ಕೊಡುವುದಕ್ಕೆ ಅನುಮತಿ ಇರಲಿ. ಎಲ್ಲರ ಚೀಟಿಗಳನ್ನು ಕೂಡಿಸಿ ಸೀಮೆಯ ಪಟ್ಟಿಯೊಂದನ್ನು ಮಾಡುವ ಉತ್ಸಾಹ ಯಾರಿಗಾದರೂ ಬಂದರೆ ಮೇಲೆ ಹೇಳಿದ ಮೂವರ ಕಥೆಯನ್ನು ಅವರಿಗೆ ಹೇಳಿ ಕೂರಿಸಬೇಕು. ಏಳರಂತೆ ಎರಡು ಸಾಲು ಕುಳಿಗಳಿರುವ, ಅದೇ ಆಷಾಢದ ಮಳೆಯಲ್ಲಿ ಅಜ್ಜಿಯಂದಿರು ಕೆಳಗಿಳಿಸುತ್ತಿದ್ದ ಚೆನ್ನೆಮಣೆಯನ್ನು ಯಾರಾದರೂ ಚೀಟಿಯಲ್ಲಿ ಬರೆದಿದ್ದರೆ ಅದು ವಿಡಿಯೋ ಗೇಮಲ್ಲವೆಂದು ಆಕ್ಷೇಪಿಸುವವರಿಗೆ ಒಂದು ಅಂಕ ಕಳೆಯತಕ್ಕದ್ದು.